ಘಟ್ಟದಲ್ಲಿ ಬಂದ್ ಬೀಳುವ ಕಾರು: ಹೊಸ ಸೆನ್ಸರ್ ಹಾಕಿದರೂ ಪಿ0335 ಏಕೆ?

ದೇವಿಮನೆ ಘಟ್ಟ ಹತ್ತುವಾಗ ಕಾರು ಬಿಸಿಯಾಗಿ ಒಮ್ಮೆಲೇ ಬಂದ್ ಬೀಳುತ್ತದೆ, ಅರ್ಧ ತಾಸು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ, ಸ್ಕ್ಯಾನರ್‌ನಲ್ಲಿ ಪಿ0335 ಎಂಬ ದೋಷದ ಕೋಡ್ ಬಂದಿದ್ದರಿಂದ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಕಾರಿನ ಕಂಪ್ಯೂಟರಿಗೆ ತಿಳಿಸುವ ಭಾಗ) ಬದಲಿಸಿದರೂ ಪ್ರಯೋಜನವಾಗಿಲ್ಲ ಎಂದು ಬರೆದಿದ್ದೀರಿ. ಅಂಕೋಲಾದಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವ ನನಗೆ ಇದು ಪರಿಚಿತ ದೂರು. ಆ ಕೋಡ್ ಸೆನ್ಸರ್ ಸರ್ಕ್ಯೂಟಿನ ತೊಂದರೆಯನ್ನು ಸೂಚಿಸುತ್ತದೆಯೇ ಹೊರತು ಸೆನ್ಸರೇ ಕೆಟ್ಟಿದೆಯೆಂದು ಹೇಳುವುದಿಲ್ಲ. ವೈರು, ಕನೆಕ್ಟರ್, ಅರ್ಥಿಂಗ್ ಎಲ್ಲವೂ ಅದರಲ್ಲಿ ಸೇರಿವೆ.

ಮೊದಲು ಒಬಿಡಿ ರೀಡರ್ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸ್ಕ್ಯಾನರ್) ಜೋಡಿಸಿ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ರೆಕಾರ್ಡ್ ಆಗುವಂತೆ ಇಟ್ಟುಕೊಂಡು, ಜೊತೆಗೊಬ್ಬರನ್ನು ಕೂರಿಸಿಕೊಂಡು ಓಡಿಸಿ. ಮ್ಯಾನುವಲ್ ಕಾರು ಗೇರಿನಲ್ಲಿದ್ದು, ಕ್ಲಚ್ ಒತ್ತದೆ ಇನ್ನೂ ಉರುಳುತ್ತಿರುವಾಗ ಗಾಲಿಗಳೇ ಎಂಜಿನನ್ನು ತಿರುಗಿಸುತ್ತಿರುತ್ತವೆ. ಆ ಹೊತ್ತಿನಲ್ಲಿ ಆರ್‌ಪಿಎಂ ಸೊನ್ನೆ ತೋರಿಸಿದರೆ ನಿಂತದ್ದು ಎಂಜಿನ್ ಅಲ್ಲ, ಸಿಗ್ನಲ್. ಗಾಲಿಯ ವೇಗದೊಂದಿಗೇ ಆರ್‌ಪಿಎಂ ಕ್ರಮವಾಗಿ ಇಳಿದರೆ ಫ್ಯುಯಲ್ ಪಂಪ್, ರಿಲೇಗಳ ಕಡೆ ನೋಡಬೇಕು. ಕಾರು ನಿಂತ ಮೇಲೆ ಸ್ಟಾರ್ಟರ್ ಚೆನ್ನಾಗಿ ತಿರುಗುತ್ತಿರುವಾಗ ಸುಮಾರು 150ರಿಂದ 250 ಆರ್‌ಪಿಎಂ ಕಾಣಬೇಕು.

ಸಿಗ್ನಲ್ ಕಡಿಯುತ್ತಿರುವುದು ಖಚಿತವಾದರೆ, ಸೆನ್ಸರ್‌ಗೆ ಎಷ್ಟು ವೈರು ಬಂದಿವೆ ನೋಡಿ. ಸಾಮಾನ್ಯವಾಗಿ ಎರಡಿದ್ದರೆ ಕಾಯಿಲ್ (ತಂತಿಸುರುಳಿಯ ಸೆನ್ಸರ್), ಮೂರಿದ್ದರೆ ಹಾಲ್ ಸೆನ್ಸರ್ (ಹೊರಗಿನಿಂದ ವಿದ್ಯುತ್ ಸಪ್ಲೈ ಬೇಕಾಗುವ ಎಲೆಕ್ಟ್ರಾನಿಕ್ ಸೆನ್ಸರ್). ಕಾಯಿಲಿನ ರೆಸಿಸ್ಟೆನ್ಸನ್ನು ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಅಳೆದು, ಕಾರಿನ ಕೈಪಿಡಿಯಲ್ಲಿರುವ ಅಂಕಿಗಳೊಂದಿಗೆ ಹೋಲಿಸಬಹುದು. ಹಾಲ್ ಸೆನ್ಸರನ್ನು ಹಾಗೆ ಅಳೆಯುವುದರಿಂದ ಏನೂ ತಿಳಿಯದು. ಅದಕ್ಕೆ ಬರುವ 5 ಅಥವಾ 12 ವೋಲ್ಟ್ ಸಪ್ಲೈ ಮತ್ತು ಅರ್ಥಿಂಗನ್ನು, ತೊಂದರೆ ಇರುವ ಹೊತ್ತಿನಲ್ಲೇ, ಪರೀಕ್ಷಿಸಬೇಕು.

ಸೆನ್ಸರ್ ಹೊಸದಾಗಿರುವುದರಿಂದ ನನ್ನ ಅನುಮಾನ ವೈರಿಂಗ್ ಮೇಲೆಯೇ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರ್ ಪಿನ್ನುಗಳು ಹಸಿರುಗಟ್ಟುತ್ತವೆ, ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಸೇರುವ ಇಲಿಗಳು ವೈರು ಕಡಿಯುತ್ತವೆ. ಒಳಗೆ ಅರ್ಧ ತುಂಡಾದ ವೈರು ತಣ್ಣಗಿದ್ದಾಗ ಮೀಟರಿಗೆ ಸರಿಯಾಗಿಯೇ ಕಾಣುತ್ತದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ, ಬೆಲ್ಟ್, ಫ್ಯಾನ್‌ಗಳಿಂದ ಕೈ ದೂರವಿಟ್ಟು, ಹಾರ್ನೆಸ್ಸನ್ನು (ವೈರುಗಳ ಕಟ್ಟನ್ನು) ಮೆಲ್ಲಗೆ ಅಲುಗಾಡಿಸಿದರೆ ದೋಷ ಹೊರಬೀಳಬಹುದು. ವೈರಿನ ಹೊದಿಕೆಗೆ ಸೂಜಿ ಚುಚ್ಚಿ ನೋಡುವ ಅಭ್ಯಾಸ ನಮ್ಮ ಕಡೆ ಬೇಡವೇ ಬೇಡ, ಆ ತೂತಿನಿಂದ ನೀರು ಇಳಿದು ತಾಮ್ರ ಕೊಳೆಯುತ್ತದೆ.

ಇಷ್ಟಾದರೂ ಸಿಗದಿದ್ದರೆ ಆಸಿಲೋಸ್ಕೋಪ್ (ಸಿಗ್ನಲ್ಲನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಉಪಕರಣ) ಇರುವ ಗ್ಯಾರೇಜಿಗೆ ಹೋಗಿ. ಹಲವು ಕಾರುಗಳಲ್ಲಿ ಈ ಸೆನ್ಸರ್ ಓದುವ ಕ್ರ್ಯಾಂಕ್ ಚಕ್ರದಲ್ಲಿ 60 ಹಲ್ಲುಗಳ ಜಾಗದಲ್ಲಿ 58 ಇರುತ್ತವೆ. ಆ ಖಾಲಿ ಜಾಗ ಅಲೆಯಲ್ಲಿ ಸುತ್ತಿಗೊಮ್ಮೆ ಮಾತ್ರ ಕಾಣಬೇಕು. ಮುರಿದ ಹಲ್ಲನ್ನಾಗಲಿ, ಸೆನ್ಸರ್ ತುದಿಗೆ ಅಂಟಿದ ಲೋಹದ ಚೂರನ್ನಾಗಲಿ ಮಲ್ಟಿಮೀಟರ್ ತೋರಿಸಲಾರದು.