ಎಂಟು ವರ್ಷದ ಮಗನಿಗೆ ಟೈಪ್ 1 ಮಧುಮೇಹ ಬಂದಿದೆ. ಅವನು ಹೊಂದಿಕೊಳ್ಳಲು ನಾವೇನು ಮಾಡಬೇಕು?

ಸೂಜಿ ಕಂಡರೆ ಮಗ ಬಚ್ಚಿಟ್ಟುಕೊಳ್ಳುತ್ತಾನೆ, "ನಾನೇನು ತಪ್ಪು ಮಾಡಿದೆ?" ಎಂದು ಕೇಳುತ್ತಾನೆ, ಉತ್ತರ ತೋಚುತ್ತಿಲ್ಲ ಎಂದು ಬರೆದಿದ್ದೀರಿ. ನನ್ನ ಮಗಳಿಗೆ ಏಳನೆಯ ವಯಸ್ಸಿನಲ್ಲಿ ಇದೇ ಕಾಯಿಲೆ ಪತ್ತೆಯಾಯಿತು. ಈಗ ಅವಳು ಹೈಸ್ಕೂಲಿನಲ್ಲಿದ್ದಾಳೆ. ಅವನ ಪ್ರಶ್ನೆಗೆ ಇಂದೇ, ನೇರವಾಗಿ ಉತ್ತರ ಕೊಡಿ: ನಿನ್ನದೂ ತಪ್ಪಿಲ್ಲ, ನಮ್ಮದೂ ಇಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುವುದರಿಂದ ಟೈಪ್ 1 ಬರುತ್ತದೆ. ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಂಧುಗಳು ಅವನೆದುರು "ಚಾಕೊಲೇಟ್ ಹೆಚ್ಚಾಯಿತು" ಎಂದರೆ ಅವನೆದುರೇ ತಿದ್ದಿ. ನೀವು ಸುಮ್ಮನಿದ್ದರೆ ಅವನು ಅದನ್ನು ನಿಜವೆಂದುಕೊಳ್ಳುತ್ತಾನೆ.

ಇನ್ನು ಮುಖ್ಯ ವಿಷಯ. ಮಗುವನ್ನು ಸೂಜಿಗಿಂತ ಹೆಚ್ಚು ಕುಗ್ಗಿಸುವುದು ಶುಗರ್ ಅಳೆಯುವ ಮೀಟರ್ ನೋಡಿದಾಗ ನಮ್ಮ ಮುಖದಲ್ಲಿ ಮೂಡುವ ಗಾಬರಿ. 280 ಎಂದು ಕಂಡೊಡನೆ "ಏನು ತಿಂದೆ?" ಎಂದರೆ ಅದು ವಿಚಾರಣೆಯಾಗುತ್ತದೆ. ಹಾಗೆ ಕೇಳಿಸಿಕೊಂಡ ಮಗು ಕ್ರಮೇಣ ಅಂಕಿ ಮುಚ್ಚಿಡುತ್ತದೆ, ಆಮೇಲೆ ಪರೀಕ್ಷೆಯನ್ನೇ ತಪ್ಪಿಸುತ್ತದೆ. ಶುಗರ್ ಏರಲು ಊಟವೊಂದೇ ಕಾರಣವಲ್ಲ. ಜ್ವರ, ಆತಂಕ, ಬೆಳೆಯುವ ವಯಸ್ಸಿನ ಹಾರ್ಮೋನು, ಎಲ್ಲವೂ ಏರಿಸುತ್ತವೆ. ಬೆರಳಿಗೆ ಅಂಟಿದ ಹಣ್ಣಿನ ರಸವೂ ಮೀಟರಿನಲ್ಲಿ ಹುಸಿ ಏರಿಕೆ ತೋರಿಸಬಲ್ಲದು. ನಮ್ಮ ಮನೆಯಲ್ಲಿ "ಒಳ್ಳೆಯ ಶುಗರ್", "ಕೆಟ್ಟ ಶುಗರ್" ಎನ್ನುವುದಿಲ್ಲ. ಹೆಚ್ಚಿದೆ, ಕಡಿಮೆ ಇದೆ, ಮಿತಿಯಲ್ಲಿದೆ, ಅಷ್ಟೇ. ಮಗಳು ಅಂಕಿ ಹೇಳಿದರೆ ನನ್ನ ಮೊದಲ ಮಾತು "ಹೇಳಿದ್ದು ಒಳ್ಳೆಯದಾಯಿತು". ಇನ್ಸುಲಿನ್ ಎಷ್ಟು ಬೇಕೆಂದು ವೈದ್ಯರು ಕೊಟ್ಟ ಲೆಕ್ಕ ತೆಗೆಯುವುದು ಆಮೇಲೆ.

ಚುಚ್ಚಬೇಕೋ ಬೇಡವೋ ಎಂಬುದನ್ನು ಅವನ ಆಯ್ಕೆಗೆ ಬಿಡಬೇಡಿ. ಪರೀಕ್ಷೆಗೆ ಯಾವ ಬೆರಳು, ಇನ್ಸುಲಿನ್‌ಗೆ ಯಾವ ಕಾಲು ಎಂಬುದನ್ನು ಅವನಿಗೆ ಬಿಡಿ. ಬೆರಳಿನ ತುದಿಯ ನಡುವಿಗಿಂತ ಪಕ್ಕದಲ್ಲಿ ನೋವು ಕಡಿಮೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಇನ್ಸುಲಿನ್ ಉರಿಯುತ್ತದೆ, ಸ್ವಲ್ಪ ಹೊತ್ತು ಹೊರಗಿಟ್ಟು ಕೊಡಿ. ನನ್ನ ಮಗಳು ಹೊಟ್ಟೆಯ ಎಡಭಾಗದಲ್ಲಿ ಒಂದೇ ಜಾಗ ಕೇಳುತ್ತಿದ್ದಳು, ಅಲ್ಲಿ ನೋವೇ ಆಗುತ್ತಿರಲಿಲ್ಲ. ಬೆರಳಾಡಿಸಿದರೆ, ಒಂದೇ ಕಡೆ ಚುಚ್ಚಿ ಚುಚ್ಚಿ ಚರ್ಮದಡಿ ರಬ್ಬರಿನಂಥ ಗಂಟು. ಅಂಥ ಜಾಗದಲ್ಲಿ ಕೊಟ್ಟ ಇನ್ಸುಲಿನನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನರ್ಸ್ ಒಬ್ಬರು ಕಾಗದದ ಮೇಲೆ ಹುಡುಗಿಯ ಚಿತ್ರ ಬರೆದುಕೊಟ್ಟು, ಚುಚ್ಚಿದಲ್ಲೆಲ್ಲ ಬಣ್ಣ ತುಂಬು, ಬಣ್ಣವಿದ್ದ ಕಡೆ ಮತ್ತೆ ಬೇಡ ಎಂದರು. ಜಗಳ ಅಲ್ಲಿಗೆ ನಿಂತಿತು, ಏಕೆಂದರೆ ಜಾಗ ಆರಿಸುವವಳು ಅವಳೇ ಆದಳು.

ಶಾಲೆಯವರಿಗೆ ಒಂದು ವಿಷಯ ಬರೆದೇ ಕೊಡಿ: ನಡುಕ, ಬೆವರು, ಕಾರಣವಿಲ್ಲದ ಸಿಟ್ಟು ಕಂಡರೆ ಶುಗರ್ ನೋಡಬೇಕು. 70ಕ್ಕಿಂತ ಕಡಿಮೆಯಿದ್ದರೆ ಕೂಡಲೇ ಗ್ಲೂಕೋಸ್, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಗ್ಲೂಕೋಸ್‌ನ ಪ್ರಮಾಣವನ್ನು ಅವನ ತೂಕಕ್ಕೆ ತಕ್ಕಂತೆ ವೈದ್ಯರಿಂದ ಬರೆಸಿಕೊಳ್ಳಿ. ಆ ಸ್ಥಿತಿಯಲ್ಲಿ ಅವನನ್ನು ಒಬ್ಬನೇ ಎಲ್ಲಿಗೂ ಕಳುಹಿಸಬಾರದು, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಆಟ ಬಿಡಿಸಬೇಡಿ. ಆಡುವ ಮೊದಲು ಶುಗರ್ ನೋಡಿ. ಓಡಾಡಿದ ದಿನ ರಾತ್ರಿಯಲ್ಲೂ ಇಳಿಯಬಹುದು ಎಂಬುದು ನೆನಪಿರಲಿ. ಜ್ವರ ಬಂದು ಊಟ ಸೇರದ ದಿನವೂ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ. ವಾಂತಿ, ಮಂಪರು, ಆಳವಾದ ಏದುಸಿರು ಕಂಡರೆ ನೇರ ಆಸ್ಪತ್ರೆಗೆ ಹೋಗಿ.

ಕೆಲವೇ ತಿಂಗಳಲ್ಲಿ ಅವನು ತಾನೇ ಚುಚ್ಚಿಕೊಳ್ಳಬಹುದು, ಎಲ್ಲರೂ ಜಾಣ ಎಂದು ಹೊಗಳಬಹುದು. ಹೊಗಳಲಿ. ಆದರೆ ಡೋಸಿನ ಲೆಕ್ಕ, ಹೊತ್ತಿನ ನೆನಪು ದೊಡ್ಡವರ ಹೊಣೆಯಾಗಿಯೇ ಇರಲಿ. ಈ ಭಾರವನ್ನು ಬೇಗ ಹೊರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಂದೊಂದು ದಿನ ಅವನು "ಸಾಕು, ನನಗೆ ಬೇಡ" ಎಂದು ಅಳುತ್ತಾನೆ. ಆಗ ಸಮಾಧಾನದ ಭಾಷಣ ಬೇಡ, "ಹೌದು, ಇದು ಕಷ್ಟವೇ" ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ, ಇನ್ಸುಲಿನ್ ಮಾತ್ರ ತಪ್ಪಿಸಬೇಡಿ. ಆ ಬೇಸರ ವಾರಗಟ್ಟಲೆ ಉಳಿದು ನಿದ್ದೆ, ಆಟ, ಗೆಳೆಯರು ಯಾವುದೂ ಬೇಡವಾದರೆ, ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ, ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಬೇಕೆಂದು ಹೇಳಿ.