ಓದುಗರ ಪ್ರಶ್ನೆ: ಓವರ್‌ಕ್ಲಾಕ್ ಮಾಡಿದ ಪಿಸಿಗೆ ಕಡಿಮೆ ರೇಟಲ್ಲಿ ಯಾವ ಎಸ್‌ಎಂಪಿಎಸ್ ತಗೋಬೇಕು?

ಪ್ರಶ್ನೆ: ನಮಸ್ಕಾರ ಸರ್, ನಾನು ದಾವಣಗೆರೆಯಲ್ಲಿ ಬಿಸಿಎ ಓದ್ತಿದೀನಿ. ಸೆಕೆಂಡ್ ಹ್ಯಾಂಡ್‌ನಲ್ಲಿ ರೈಜನ್ 5 3600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ತಗೊಂಡು ಪಿಸಿ ಜೋಡಿಸಿದೀನಿ. ಪ್ರೊಸೆಸರ್‌ನ 4.3 ಗಿಗಾಹರ್ಟ್ಸ್‌ಗೆ ಓವರ್‌ಕ್ಲಾಕ್ (ಕಂಪನಿ ಇಟ್ಟ ಸ್ಪೀಡಿಗಿಂತ ಜಾಸ್ತಿ ಓಡಿಸೋದು) ಮಾಡಿದ ಮೇಲೆ ಗೇಮ್ ಶುರುವಾದ ಹತ್ತು ನಿಮಿಷಕ್ಕೆ ಪಟ್ ಅಂತ ಆಫ್ ಆಗಿ ತಾನೇ ರೀಸ್ಟಾರ್ಟ್ ಆಗುತ್ತೆ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ) ಕ್ಯಾಬಿನೆಟ್ ಜೊತೆಗೇ ಬಂದಿದ್ದು, ಮೇಲೆ 500 ವ್ಯಾಟ್ ಅಂತಿದೆ, ಲೇಬಲ್ ಫೋಟೋ ಕಳಿಸಿದೀನಿ. ಅಂಗಡಿಯವರು 850 ವ್ಯಾಟಿಂದು ಹಾಕಿಸಿ ಅಂತಾರೆ, ನನ್ನ ಹತ್ರ ಇರೋದು ನಾಲ್ಕೂವರೆ ಸಾವಿರ. ಏನ್ಮಾಡ್ಲಿ?

ಉತ್ತರ: ಫೋಟೋ ಕಳಿಸಿದ್ದು ಒಳ್ಳೇದಾಯ್ತು, ಉತ್ತರ ಅದರಲ್ಲೇ ಇದೆ. ದಪ್ಪಕ್ಷರದ 500 ವ್ಯಾಟ್ ಬಿಟ್ಟು ಕೆಳಗಿನ ಸಣ್ಣ ಟೇಬಲ್ ನೋಡಿ, +12ವೋಲ್ಟ್ ಎದುರು 18 ಆಂಪಿಯರ್ ಅಂತಿದೆ. ಹನ್ನೆರಡನ್ನ ಹದಿನೆಂಟರಿಂದ ಗುಣಿಸಿದ್ರೆ 216. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಮ್ಮಿ ಪೂರ್ತಿ ಕರೆಂಟ್ ಎಳೆಯೋದು ಈ 12 ವೋಲ್ಟ್ ಲೈನಿಂದಲೇ, ಹಾಗಾಗಿ ನಿಮ್ಮ ಪಿಸಿಯ ಲೆಕ್ಕಕ್ಕೆ ನಿಮ್ಮ ಹತ್ರ ಇರೋದು 216 ವ್ಯಾಟಿನ ಎಸ್‌ಎಂಪಿಎಸ್, ಅದೂ ಲೇಬಲ್ ನಿಜ ಹೇಳ್ತಿದ್ರೆ. ಅಸಲಿ 550 ವ್ಯಾಟಿನದ್ರಲ್ಲಿ ಇದೇ ಜಾಗದಲ್ಲಿ 43ರಿಂದ 45 ಆಂಪಿಯರ್ ಇರುತ್ತೆ. ಕೆಲವು ಲೇಬಲ್‌ನಲ್ಲಿ 12ವಿ1, 12ವಿ2 ಅಂತ ಎರಡು ಸಾಲು ಇರುತ್ತೆ, ಅವೆರಡನ್ನ ಕೂಡಿಸಬೇಡಿ, ಎರಡೂ ಸೇರಿ ಗರಿಷ್ಠ ಎಷ್ಟು ವ್ಯಾಟ್ ಅಂತ ಬರೆದಿರ್ತಾರಲ್ಲ ಅದನ್ನ ನೋಡಿ.

ಈಗ ನಿಮ್ಮ ಪಿಸಿ ಎಷ್ಟು ತಿನ್ನುತ್ತೆ ನೋಡೋಣ. ರೈಜನ್ 3600ಗೆ 65 ವ್ಯಾಟ್ ಅಂತ ಬರೆದಿದ್ರೂ ಓವರ್‌ಕ್ಲಾಕ್ ಇಲ್ಲದೇನೇ 88 ವ್ಯಾಟ್‌ವರೆಗೆ ಎಳೆಯೋಕೆ ಅದಕ್ಕೆ ಅನುಮತಿ ಇದೆ. ಓವರ್‌ಕ್ಲಾಕ್ ಮಾಡಿದಾಗ ಸ್ಪೀಡ್ ಏರಿದಷ್ಟೇ ಪವರ್ ಏರುತ್ತೆ ಅಂತ ತುಂಬ ಜನ ಅಂದ್ಕೊಂಡಿದಾರೆ, ಹಾಗಲ್ಲ, ವೋಲ್ಟೇಜ್ ಏರಿಸಿದ್ದು ವರ್ಗ ಆಗಿ (ತನ್ನನ್ನ ತಾನೇ ಗುಣಿಸ್ಕೊಂಡು) ಸೇರುತ್ತೆ. 1.2 ವೋಲ್ಟ್‌ನಲ್ಲಿ 4.0 ಗಿಗಾಹರ್ಟ್ಸ್ ಓಡ್ತಿದ್ದದ್ದನ್ನ 1.35 ವೋಲ್ಟ್ ಕೊಟ್ಟು 4.3ಕ್ಕೆ ತಂದ್ರೆ ಸ್ಪೀಡ್ ಸಿಕ್ಕಿದ್ದು ಏಳೂವರೆ ಪರ್ಸೆಂಟ್, ಪವರ್ ಜಾಸ್ತಿ ಆಗಿದ್ದು ಸುಮಾರು 36 ಪರ್ಸೆಂಟ್, ಅಂದ್ರೆ 88 ಇದ್ದದ್ದು 120 ಆಯ್ತು. 3060 ಕಾರ್ಡ್‌ದು 170 ವ್ಯಾಟ್, ಅದರ ಪವರ್ ಲಿಮಿಟ್ಟೂ ಸ್ವಲ್ಪ ಏರಿಸಿದ್ರೆ 190 ಇಟ್ಕೊಳ್ಳಿ. ಬೋರ್ಡು, ರ‍್ಯಾಮು, ಫ್ಯಾನು, ಎಸ್‌ಎಸ್‌ಡಿ ಎಲ್ಲಾ ಸೇರಿ ಇನ್ನೊಂದು 60. ಒಟ್ಟು 370. ಇದರ ಮೇಲೆ ಗ್ರಾಫಿಕ್ಸ್ ಕಾರ್ಡು ಮಿಲಿಸೆಕೆಂಡ್ ಲೆಕ್ಕದಲ್ಲಿ ಒಮ್ಮೊಮ್ಮೆ ಇನ್ನೂ ಜಾಸ್ತಿ ಎಳೆದುಬಿಡುತ್ತೆ. 216ರ ಗಾಡಿಗೆ 370ರ ಭಾರ ಹೇರಿದೀರಿ, ಹತ್ತು ನಿಮಿಷ ತಡೆದಿದ್ದೇ ಹೆಚ್ಚು.

ಆದ್ರೂ ದುಡ್ಡು ಕೊಡೋಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಬಯೋಸ್‌ನ (ಪಿಸಿ ಆನ್ ಆಗುವಾಗ ತೆರೆಯೋ ಮದರ್‌ಬೋರ್ಡ್ ಸೆಟ್ಟಿಂಗ್) ಡೀಫಾಲ್ಟ್‌ಗೆ ತನ್ನಿ, ಕಾರ್ಡಿನ ಪವರ್ ಲಿಮಿಟ್ 70 ಪರ್ಸೆಂಟಿಗೆ ಇಳಿಸಿ, ಅದೇ ಗೇಮ್ ಒಂದು ಗಂಟೆ ಆಡಿ. ಆಫ್ ಆಗದೇ ಇದ್ರೆ ಎಸ್‌ಎಂಪಿಎಸ್ ಮೇಲಿನ ಅನುಮಾನ ಗಟ್ಟಿ ಆಗುತ್ತೆ. ಸಾಮಾನ್ಯವಾಗಿ ಓವರ್‌ಕ್ಲಾಕ್ ಸರಿಯಾಗಿ ಕೂತಿಲ್ಲ ಅಂದ್ರೆ ನೀಲಿ ಸ್ಕ್ರೀನ್ ಬರುತ್ತೆ ಇಲ್ಲಾ ಗೇಮ್ ಕ್ರ್ಯಾಶ್ ಆಗುತ್ತೆ, ಮನೆ ಕರೆಂಟ್ ಹೋದ ಹಾಗೆ ಪಟ್ ಅಂತ ಕಪ್ಪಾದ್ರೆ ಅದು ಪವರ್ ಕಡೆಯ ಲಕ್ಷಣ.

ತಗೊಳ್ಳೋದು 550 ವ್ಯಾಟ್, 80 ಪ್ಲಸ್ ಬ್ರಾಂಜ್ (ದಕ್ಷತೆಯ ಗುರುತು, ಕೆಳಗೆ ಹೇಳಿದೀನಿ), ಐದು ವರ್ಷ ವಾರಂಟಿ ಇರೋದು. 3060ಗೆ ಎನ್‌ವಿಡಿಯಾ ಹೇಳೋದೂ 550 ವ್ಯಾಟೇ. ಕೋರ್ಸೇರ್ ಸಿಎಕ್ಸ್, ಕೂಲರ್ ಮಾಸ್ಟರ್ ಎಂಡಬ್ಲ್ಯುಇ ಬ್ರಾಂಜ್ ವಿ2 ಇಂಥ ಸೀರೀಸ್ ನೋಡಿ, ನಿಮ್ಮ ಬಜೆಟ್ಟಿನ ಆಸುಪಾಸಲ್ಲೇ ಬರುತ್ತೆ, ಐನೂರು ಹೆಚ್ಚಾದ್ರೂ ಒಂದು ತಿಂಗಳು ಕಾದು ಅದನ್ನೇ ತಗೊಳ್ಳಿ. 850 ನಿಮಗೆ ಬೇಡ. ನಾಲ್ಕೂವರೆ ಸಾವಿರಕ್ಕೆ 850 ಅಂತ ಕೊಡ್ತಿದ್ರೆ ಅದರ ಒಳಗೆ ಏನೇನು ಬಿಟ್ಟಿರಬಹುದು ಅಂತ ಯೋಚಿಸಿ.

80 ಪ್ಲಸ್ ಬಗ್ಗೆ ಒಂದು ಮಾತು. ಅದು ಗೋಡೆಯಿಂದ ಎಳೆದ ಕರೆಂಟಲ್ಲಿ ಎಷ್ಟು ಭಾಗ ಶಾಖವಾಗಿ ಹೋಗದೆ ಪಿಸಿಗೆ ತಲುಪುತ್ತೆ ಅನ್ನೋದರ ಗುರುತು ಅಷ್ಟೇ, ಸುರಕ್ಷತೆಯ ಸರ್ಟಿಫಿಕೇಟ್ ಅಲ್ಲ, ಆ ಪರೀಕ್ಷೆ ಮಾಡೋದೂ 23 ಡಿಗ್ರಿ ತಂಪಲ್ಲಿ. ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ಕ್ಯಾಬಿನೆಟ್ ಒಳಗೆ ಅದರ ಎರಡರಷ್ಟು ಇರುತ್ತೆ. ಕೆಪ್ಯಾಸಿಟರ್ ಆಯಸ್ಸು ಹತ್ತು ಡಿಗ್ರಿ ಏರಿದ್ರೆ ಅರ್ಧಕ್ಕೆ ಇಳಿಯುತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್‌ನವರ ಹಳೇ ಲೆಕ್ಕ, ಅದಕ್ಕೇ 105 ಡಿಗ್ರಿ ಕೆಪ್ಯಾಸಿಟರ್ ಇರೋದನ್ನ ಕೇಳಿ ತಗೊಳ್ಳಿ ಅನ್ನೋದು. ಇನ್ನು ಓವರ್‌ಕರೆಂಟ್, ಓವರ್‌ವೋಲ್ಟೇಜ್, ಶಾರ್ಟ್ ಸರ್ಕ್ಯೂಟ್ ಪ್ರೊಟೆಕ್ಷನ್ ಇದೆಯಾ ಅಂತ ಡಬ್ಬದ ಮೇಲೆ ಓದಿ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಕೆಳಗೆ ಆರ್ ಅಕ್ಷರದಿಂದ ಶುರುವಾಗೋ ನಂಬರ್ ಇರುತ್ತೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದ್ರೆ ಅದು ಅಸಲಿಯಾ ಗೊತ್ತಾಗುತ್ತೆ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನನ್ನ ಹಳೇ ಪಿಸಿಯಲ್ಲೂ ಕ್ಯಾಬಿನೆಟ್ ಜೊತೆ ಬಂದಿದ್ದೇ ಇತ್ತು, ಒಂದು ಬೇಸಿಗೆ ಮಧ್ಯಾಹ್ನ ಟಪ್ ಅಂತ ಸದ್ದಾಯ್ತು, ಮೀನು ಸುಟ್ಟಂಥ ವಾಸನೆ ರೂಮೆಲ್ಲಾ ತುಂಬ್ಕೊಂಡಿತು. ಹೋಗ್ತಾ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರ್ಕೊಂಡು ಹೋಯ್ತು, ತಂಗಿ ಮದುವೆ ಫೋಟೋಗಳೆಲ್ಲ ಅದರಲ್ಲೇ ಇದ್ವು, ಮತ್ತೆ ಸಿಗಲೇ ಇಲ್ಲ. ರಿಪೇರಿ ಮಾಡೋ ಗೆಳೆಯ ಬಿಚ್ಚಿ ತೋರಿಸಿದ: ಬೋರ್ಡಿನ ಮೇಲೆ ಫಿಲ್ಟರ್ ಕಾಯಿಲ್‌ಗೆ ಜಾಗ ಪ್ರಿಂಟ್ ಆಗಿತ್ತು, ಕಾಯಿಲ್ ಇರಲಿಲ್ಲ, ಅದರ ಬದಲು ಒಂದು ತುಂಡು ತಂತಿ ಬೆಸುಗೆ ಹಾಕಿದ್ರು. ಕೈಲಿ ಹಿಡಿದ್ರೆ ಖಾಲಿ ಟಿಫಿನ್ ಡಬ್ಬಿ ಥರ ಹಗುರ. ನೀವು ಮಾತ್ರ ಬಿಚ್ಚೋಕೆ ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್‌ಗೂ ಜಾಸ್ತಿ ನಿಂತಿರಬಹುದು.

ಹೊಸದು ಹಾಕುವಾಗ ಪ್ರೊಸೆಸರ್‌ಗೆ 4+4 ಪಿನ್ ಕೇಬಲ್ ಇದೆಯಾ ನೋಡಿಕೊಳ್ಳಿ, ಅಗ್ಗದವು ನಾಲ್ಕೇ ಪಿನ್ ಕೊಡ್ತಾರೆ, ಓವರ್‌ಕ್ಲಾಕ್ ಮಾಡಿದ್ರೆ ಅದು ಬಿಸಿ ಆಗುತ್ತೆ. ಕಾರ್ಡಿನ 8 ಪಿನ್‌ಗೆ ಸಾಟಾ ಕನ್ವರ್ಟರ್ (ಹಾರ್ಡ್ ಡಿಸ್ಕಿನ ಪವರ್ ಕೇಬಲನ್ನ 8 ಪಿನ್ ಮಾಡೋ ತುಂಡು) ಹಾಕಲೇಬೇಡಿ, ಕನೆಕ್ಟರ್ ಕರಗಬಹುದು. ಹೊಸದು ಬರೋತನಕ ಏರಿಸಿದ ವೋಲ್ಟೇಜ್ ಇಳಿಸಿ, ಓವರ್‌ಕ್ಲಾಕ್ ತೆಗೆದಿಡಿ.

ಪ್ರಶ್ನೆ: ನನ್ನ ಹತ್ರ 600 ವಿಎ ಯುಪಿಎಸ್ ಇದೆ. ಬ್ರೌಸಿಂಗ್ ಮಾಡುವಾಗ ಕರೆಂಟ್ ಹೋದ್ರೆ ಪಿಸಿ ಓಡುತ್ತೆ, ಗೇಮ್ ಆಡುವಾಗ ಹೋದ್ರೆ ಕೀಂ ಅಂತ ಕೂಗಿ ಪಿಸಿನೂ ಆಫ್. ಎಸ್‌ಎಂಪಿಎಸ್ ಹೊಸದು, ಬ್ರಾಂಜ್. ಅದರದೇ ತಪ್ಪಾ? (ಸಿರಸಿಯಿಂದ)

ಉತ್ತರ: ಎಸ್‌ಎಂಪಿಎಸ್ ತಪ್ಪಲ್ಲ. 600 ವಿಎ ಅಂದ್ರೆ ಈ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 360 ವ್ಯಾಟ್. ಮೇಲಿನ ಪಿಸಿಯನ್ನೇ ತಗೊಳ್ಳಿ, ಒಳಗೆ 370 ಬೇಕು ಅಂದ್ರೆ 85 ಪರ್ಸೆಂಟ್ ದಕ್ಷತೆಯ ಎಸ್‌ಎಂಪಿಎಸ್ ಗೋಡೆಯಿಂದ 435 ಎಳೆಯುತ್ತೆ, ಮಾನಿಟರ್ ಬೇರೆ. 1100 ವಿಎ ಹತ್ರದ್ದು ಬೇಕು. ಇನ್ನೊಂದು ವಿಷಯ, ಒಳ್ಳೇ ಎಸ್‌ಎಂಪಿಎಸ್‌ನಲ್ಲಿ ಆ್ಯಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನ ಹದವಾಗಿ ಎಳೆಯೋ ಸರ್ಕ್ಯೂಟ್) ಇರುತ್ತೆ, ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿ ಕೊಡೋ ಚೌಕಾಕಾರದ ಅಲೆ ಕೆಲವಕ್ಕೆ ಒಗ್ಗಲ್ಲ, ಗುಂಯ್ ಅನ್ನುತ್ತೆ ಇಲ್ಲಾ ಆಫ್ ಆಗುತ್ತೆ. ಅಂಗಡಿಯಲ್ಲಿ ನಿಮ್ಮ ಪಿಸಿಗೇ ಹಾಕಿ, ಗೇಮ್ ಓಡುವಾಗ ಗೋಡೆ ಸ್ವಿಚ್ ಆರಿಸಿ ನೋಡಿ ಆಮೇಲೆ ದುಡ್ಡು ಕೊಡಿ.

ಪ್ರಶ್ನೆ: ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತೆ. ಎಸ್‌ಎಂಪಿಎಸ್ ಬದಲಾಯಿಸಿದ್ರೂ ಹಾಗೇ ಇದೆ. (ಹಾಸನದಿಂದ)

ಉತ್ತರ: ಬದಲಾಯಿಸಿದ್ರೂ ಇದೆ ಅಂದ್ರೆ ನಿಮ್ಮ ಮನೆ ಅರ್ತಿಂಗ್ ಕೈಕೊಟ್ಟಿರೋ ಸಾಧ್ಯತೆ ಜಾಸ್ತಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳ ಒಂದು ತುದಿ ಕ್ಯಾಬಿನೆಟ್ಟಿಗೆ ಸೇರಿರುತ್ತೆ, ಅರ್ತ್ ಇಲ್ಲದಿದ್ರೆ ಕ್ಯಾಬಿನೆಟ್ ಮೇಲೆ 230ರ ಅರ್ಧ, ಅಂದ್ರೆ 115 ವೋಲ್ಟ್ ಹತ್ರ ಬಂದು ಕೂರುತ್ತೆ. ಕರೆಂಟ್ ಸಣ್ಣದು, ಆದ್ರೂ ಹಾಗೇ ಬಿಡೋದಲ್ಲ. ವೈರ್‌ಮನ್ ಕರೆಸಿ ಆ ಸಾಕೆಟ್ಟಿನ ಫೇಸ್–ಅರ್ತ್ ನಡುವೆ ಮೀಟರ್ ಹಿಡಿಸಿ, 230ರ ಹತ್ರ ತೋರಿಸಬೇಕು. ಸ್ಪೈಕ್ ಬಸ್ಟರ್ ಮೂರನೇ ಪಿನ್ ಮುರಿದಿದೆಯಾ ಅದನ್ನೂ ನೋಡಿ. ಇದು ಸರಿಹೋಗೋತನಕ ಪ್ಲಗ್ ತೆಗೆಯದೆ ಕ್ಯಾಬಿನೆಟ್ಟಿಗೆ ಕೈ ಹಾಕಬೇಡಿ, ಬರಿಗಾಲಲ್ಲಂತೂ ಬೇಡವೇ ಬೇಡ.