ಖಾತೆಯಲ್ಲಿ ಉಳಿದಿದ್ದೆಲ್ಲ ಲಾಭ ಅಲ್ಲ ಮೇಡಂ

ಗಿರಾಕಿಗಳ ದುಡ್ಡು ನಿಮ್ಮ ಸ್ವಂತ ಖಾತೆಗೇ ಬರುತ್ತೆ, ಮನೆಖರ್ಚೂ ಅದರಿಂದಲೇ, ತಿಂಗಳ ಕೊನೆಗೆ ಉಳಿದದ್ದು ಲಾಭ ಅಂತ ನಿಮ್ಮ ಪೋಸ್ಟಿನಲ್ಲಿ ಬರೆದಿದ್ದೀರಿ. ದಯವಿಟ್ಟು ಇವತ್ತೇ ನಿಲ್ಲಿಸಿ. ಆ ಉಳಿಕೆಯಲ್ಲಿ ಇನ್ನೂ ಕೊಡದ ಮಾಲಿನ ಮುಂಗಡ ಇದೆ, ಸಪ್ಲೈಯರ್ ಬಾಕಿ ಇದೆ, ತೆರಿಗೆ ಇದೆ. ಮಾಲೀಕರು ಒಬ್ಬರೇ ಆದಾಗ ವ್ಯಾಪಾರದ ಸಾಲಕ್ಕೆ ಸ್ವಂತ ಆಸ್ತಿಯೂ ಹೊಣೆ. ಕಾನೂನು ಎರಡನ್ನೂ ಬೇರೆ ಮಾಡಲ್ಲ, ಲೆಕ್ಕದಲ್ಲಿ ನೀವೇ ಮಾಡಬೇಕು.

ಮೂರು ಖಾತೆ ಇಡಿ. ಬಂದಿದ್ದೆಲ್ಲ ಮೊದಲನೆಯದಕ್ಕೆ. ವಾರಕ್ಕೊಂದು ದಿನ ಗೊತ್ತುಮಾಡಿ ತೆರಿಗೆ ಪಾಲನ್ನು ಎರಡನೆಯದಕ್ಕೆ ಹಾಕಿ: ಬಿಲ್ಲಿನಲ್ಲಿ ವಸೂಲಿ ಮಾಡಿದ ತೆರಿಗೆ ಪೂರ್ತಿ, ಲಾಭದ ಮೇಲಿನದು ಆಡಿಟರ್ ಹೇಳಿದ ಅಂದಾಜಿನಷ್ಟು. ಮೂರನೆಯದು ಮನೆಯದು. ಅದಕ್ಕೆ ತಿಂಗಳಿಗೆ ಒಂದೇ ಸಲ, ಒಂದೇ ಮೊತ್ತ. ಪುಸ್ತಕದಲ್ಲಿ ಅದನ್ನು ‘ಡ್ರಾಯಿಂಗ್ಸ್’, ಅಂದರೆ ಮಾಲೀಕರು ಸ್ವಂತಕ್ಕೆ ತೆಗೆದ ದುಡ್ಡು, ಅಂತ ಬರೆಯಿರಿ. ಸಂಬಳ ಅಂತ ಖರ್ಚಿಗೆ ಹಾಕಬೇಡಿ, ಅದು ಬಂಡವಾಳದಲ್ಲಿ ಕಳೆಯುವಂಥದ್ದು. ಹಾಗಂತ ರೇಟು ಕಟ್ಟುವಾಗ ನಿಮ್ಮ ದುಡಿಮೆಯನ್ನು ಬಿಡಬೇಡಿ, ಗಂಟೆ ಲೆಕ್ಕದಲ್ಲಿ ಸೇರಿಸಲೇಬೇಕು. ಮನೆ ದುಡ್ಡನ್ನು ವ್ಯಾಪಾರಕ್ಕೆ ಹಾಕಿದರೆ ಅವತ್ತೇ ‘ಬಂಡವಾಳ’ ಅಂತ ನಮೂದಿಸಿ. ಇಲ್ಲದಿದ್ದರೆ ವರ್ಷದ ಕೊನೆಗೆ ಅದೂ ಮಾರಾಟದ ಜಮೆಯ ಹಾಗೆ ಕಾಣುತ್ತೆ, ವಿವರಿಸೋಕೆ ಒದ್ದಾಡಬೇಕಾಗುತ್ತೆ.

ನಿಮ್ಮ ಪೋಸ್ಟಿನ ಕೆಳಗೆ ಇನ್ನೊಬ್ಬರು ಶುರುವಿಗೆ 10% ರಿಯಾಯಿತಿ ಕೊಡಿ ಅಂದಿದ್ದಾರೆ. ಲೆಕ್ಕ ಹಾಕದೆ ಕೊಡಬೇಡಿ! ಅಸಲು 100, ಮಾರೋದು 130. ಅದು 30% ಲಾಭ ಅಲ್ಲ, ಮಾರಾಟದ ಮೇಲೆ ನೋಡಿದರೆ 23% ಅಷ್ಟೇ. 10% ಬಿಟ್ಟರೆ 117 ಬರುತ್ತೆ, ಕೈಗೆ ಸಿಗೋದು 30ರ ಬದಲು 17. ಮೊದಲು 10 ಮಾರಿ ಗಳಿಸುತ್ತಿದ್ದಷ್ಟಕ್ಕೆ ಈಗ 18 ಮಾರಬೇಕು. ಬಾಡಿಗೆ, ಕರೆಂಟು ಇನ್ನೂ ಸೇರಿಲ್ಲ. ರಿಯಾಯಿತಿ ಕೊಡಲೇಬೇಕಿದ್ದರೆ ಮುಂಗಡ ಪೂರ್ತಿ ಕೊಟ್ಟವರಿಗೆ ಮಾತ್ರ ಕೊಡಿ, ಉದ್ರಿಯವರಿಗೆ ಬೇಡವೇ ಬೇಡ.

ಲೆಕ್ಕ ಇಡೋಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ಈಗಲೇ ತಗೋಬೇಡಿ. ತಿಂಗಳಿಗೆ ನಲವತ್ತೈವತ್ತು ಬಿಲ್ಲಿಗೆ ಎಕ್ಸೆಲ್ ಧಾರಾಳ ಸಾಕು. ತಾರೀಖು, ಬಿಲ್ ನಂಬರ್, ಹೆಸರು, ಮೊತ್ತ, ದುಡ್ಡು ಬಂದ ತಾರೀಖು ಅಂತ ಐದು ಕಾಲಂ. ಕೊನೆಯ ಕಾಲಂ ಖಾಲಿ ಇರುವ ಸಾಲುಗಳೇ ನಿಮ್ಮ ಉದ್ರಿ ಪಟ್ಟಿ, ವಾರಕ್ಕೊಮ್ಮೆ ಅದನ್ನು ಹಿಡಿದು ಫೋನ್ ಮಾಡಿ. ಬಿಲ್ ನಂಬರ್ ಮಧ್ಯೆ ಎಲ್ಲೂ ಬಿಟ್ಟುಹೋಗಬಾರದು. ಆರ್ಡರ್ ರದ್ದಾದರೆ ಆ ಬಿಲ್ಲನ್ನು ಹರಿದು ಹಾಕದೆ, ಮೇಲೆ ‘ರದ್ದು’ ಅಂತ ಬರೆದು ಫೈಲಲ್ಲೇ ಇಡಿ.